ದೀರ್ಘಸೇವೆಯ ದಿನಗೂಲಿ ನೌಕರರು ಮತ್ತು ಅನ್ಯಾಯದ ಕೆಲಸಕಡಿತ: ಧಾರವಾಡ ಜಿಲ್ಲೆ

ಹತ್ತಾರು ವರ್ಷ ದುಡಿಸಿಕೊಂಡ ನೌಕರನನ್ನು ನೋಟಿಸು, ಪರಿಹಾರ, ವಿಚಾರಣೆ ಯಾವುದೂ ಇಲ್ಲದೆ ‘ನಾಳೆಯಿಂದ ಬರಬೇಡ’ ಎಂದು ಮನೆಗೆ ಕಳಿಸುವುದನ್ನು ಅನ್ಯಾಯದ ಕೆಲಸಕಡಿತ ಎನ್ನಬಹುದು. ಕಾರ್ಖಾನೆಗಳ ಊರಿನಲ್ಲಿ ಇದು ಕಂಪನಿ ಮತ್ತು ಕಾರ್ಮಿಕ ಸಂಘದ ನಡುವಿನ ಜಗಳ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಂಥ ತಾಲ್ಲೂಕುಗಳಲ್ಲಿ ಸಂಬಳ ಕೊಡುವ ದೊಡ್ಡ ಯಜಮಾನ ಸರ್ಕಾರವೇ. ಹಾಗಾಗಿ ಇಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಲೋಕೋಪಯೋಗಿ, ನೀರಾವರಿ, ಅರಣ್ಯ ಇಲಾಖೆಗಳ ಮತ್ತು ಪಂಚಾಯಿತಿಗಳ ದಿನಗೂಲಿ ನೌಕರರ ಪ್ರಶ್ನೆಯಾಗಿದೆ. ದೇಶದ ಕಾರ್ಮಿಕ ನ್ಯಾಯದ ಚರಿತ್ರೆಯಲ್ಲಿ ಧಾರವಾಡದ ಹೆಸರು ನಿಂತಿರುವುದೂ ಈ ನೌಕರರಿಂದಲೇ. ಅವರ ಸಂಘವೊಂದು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರ ಫೆಬ್ರವರಿ 23ರಂದು ಕೊಟ್ಟ ತೀರ್ಪು ಮುಂದೆ ಹದಿನಾರು ವರ್ಷ ದಿನಗೂಲಿಗಳ ದೊಡ್ಡ ಆಸರೆಯಾಗಿತ್ತು.

ಹಿನ್ನೆಲೆ

ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ತಾಲ್ಲೂಕುಗಳ ಬಹುಭಾಗ ಎರೆ ಭೂಮಿ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನ ಮೇಲೆ ರಸ್ತೆ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಬಂದ ವರ್ಷ ಸೇತುವೆಯ ಬದಿ, ರಸ್ತೆಯ ಅಂಚು ಕೊಚ್ಚಿಹೋಗುತ್ತವೆ. ಕಲಘಟಗಿಯದು ಅರೆಮಲೆನಾಡು, ಅಲ್ಲಿ ಭತ್ತದ ಗದ್ದೆ, ಕೆರೆ, ಕಾಡು. ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ 1970ರ ದಶಕದಿಂದ ನವಲಗುಂದದ ಬಯಲಿಗೆ ಕಾಲುವೆಗಳೂ ಬಂದವು. ರಸ್ತೆಯ ಗುಂಡಿ ಮುಚ್ಚಲು, ಕಾಲುವೆಯ ಹೂಳು ತೆಗೆಯಲು, ಗೇಟು ಕಾಯಲು, ನೆಡುತೋಪು ನೋಡಿಕೊಳ್ಳಲು, ಉಪವಿಭಾಗದ ಕಚೇರಿಯಲ್ಲಿ ಬಿಲ್ಲು ಬರೆಯಲು ವರ್ಷವಿಡೀ ಜನ ಬೇಕಾಯಿತು.

ಕೆಲಸ ಕಾಯಂ ಸ್ವರೂಪದ್ದಾದರೂ ಹುದ್ದೆ ಹಾಗಿರಲಿಲ್ಲ. ಹುದ್ದೆ ಮಂಜೂರಾಗಬೇಕಾದರೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ದಿನಗೂಲಿಯನ್ನು ಕಾಮಗಾರಿಯ ಅಂದಾಜಿನಲ್ಲೇ ತೋರಿಸಿ ಕೊಡಬಹುದು. ಹೀಗೆ ಸೇರಿಕೊಂಡವರ ಹೆಸರು ಎನ್‌ಎಂಆರ್ ಎಂದು ಕರೆಯುವ ಹಾಜರಿ ಪಟ್ಟಿಯಲ್ಲಿ ಇರುತ್ತಿತ್ತು. ನೇಮಕದ ಆದೇಶವಿಲ್ಲ, ಸೇವಾ ಪುಸ್ತಕವಿಲ್ಲ, ರಜೆಯಿಲ್ಲ, ಪಿಂಚಣಿಯಿಲ್ಲ. ಹಾಜರಿ ಹಾಕಿದ ದಿನಕ್ಕೆ ಪಗಾರ, ಅಷ್ಟೆ. ವರ್ಷಕ್ಕೊಮ್ಮೆ ಕೆಲವು ದಿನ ಹೆಸರು ಬಿಟ್ಟು ಮತ್ತೆ ಸೇರಿಸಿದರೆ ಸೇವೆ ತುಂಡಾದಂತೆ ಕಾಗದ ತೋರಿಸುತ್ತದೆ. ಇವರಲ್ಲಿ ಗುದ್ದಲಿ ಹಿಡಿದವರಷ್ಟೇ ಅಲ್ಲ, ಎಸ್ಸೆಸ್ಸೆಲ್ಸಿ ಓದಿ ಗುಮಾಸ್ತರ ಕೆಲಸ ಮಾಡುತ್ತಿದ್ದವರೂ ಇದ್ದರು. ಕಾಯಂ ಗುಮಾಸ್ತನ ಪಕ್ಕದ ಮೇಜಿನಲ್ಲಿ ಕುಳಿತು ಅದೇ ಕಡತ ಬರೆದರೂ ಅವರಿಗೆ ಸಿಗುತ್ತಿದ್ದುದು ದಿನದ ಕೂಲಿ.

1990ರ ಧಾರವಾಡ ತೀರ್ಪು

ರಾಜ್ಯ ಸರ್ಕಾರ 1984ರ ಜುಲೈ 1ರಿಂದ ಹೊಸ ದಿನಗೂಲಿ ನೇಮಕಗಳಿಗೆ ತಡೆ ಹಾಕಿತ್ತು. ಅದಕ್ಕೂ ಮೊದಲೇ ಸೇರಿದವರ ಗತಿ ಮಾತ್ರ ಇತ್ಯರ್ಥವಾಗಿರಲಿಲ್ಲ. ಧಾರವಾಡ ಜಿಲ್ಲಾ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದ ಬೇರೆ ಬೇರೆ ಇಲಾಖೆಗಳಲ್ಲಿ ಇಂಥ ಸುಮಾರು 50,000 ನೌಕರರಿದ್ದಾರೆ, ಹಲವರು 16ರಿಂದ 20 ವರ್ಷ ಸತತವಾಗಿ ದುಡಿದಿದ್ದಾರೆ, ಆದರೂ ಕಾಯಂ ಆಗಿಲ್ಲ, ಸಮಾನ ಕೆಲಸಕ್ಕೆ ಸಮಾನ ವೇತನವೂ ಸಿಕ್ಕಿಲ್ಲ ಎಂಬುದು ಅರ್ಜಿದಾರರ ಅಳಲು.

ನ್ಯಾಯಾಲಯ ಒಂದು ಯೋಜನೆಯನ್ನೇ ರೂಪಿಸಿ ಆದೇಶವಾಗಿ ಕೊಟ್ಟಿತು. ಅದರ ಮುಖ್ಯಾಂಶಗಳು ಇವು. 1984ರ ಜುಲೈ 1ರಂದು ಅಥವಾ ಅದಕ್ಕೂ ಮೊದಲು ಸೇರಿದ ದಿನಗೂಲಿಗಳನ್ನು 1990ರ ಜನವರಿ 1ರಿಂದ ತಿಂಗಳ ಸಂಬಳದ ನೌಕರರೆಂದು ಪರಿಗಣಿಸಿ, ಭತ್ಯೆಗಳಿಲ್ಲದೆ ತಿಂಗಳಿಗೆ 780 ರೂಪಾಯಿ ಕೊಡಬೇಕು. ಕಾಯಂ ಆಗುವ ತನಕ ವರ್ಷಕ್ಕೆ 15 ರೂಪಾಯಿ ವೇತನ ಬಡ್ತಿ ಸೇರಬೇಕು. 1989ರ ಡಿಸೆಂಬರ್ 31ಕ್ಕೆ ಹತ್ತು ವರ್ಷ ಸೇವೆ ಮುಗಿಸಿದವರಲ್ಲಿ 18,600 ಮಂದಿಯನ್ನು ಜ್ಯೇಷ್ಠತೆ ನೋಡಿ ಕೂಡಲೇ ಕಾಯಂ ಮಾಡಬೇಕು. ಹತ್ತು ವರ್ಷ ತುಂಬಿದ ಉಳಿದವರನ್ನು 1990ರ ಕೊನೆಯೊಳಗೆ ಸೇರಿಸಿಕೊಳ್ಳಬೇಕು. ಮುಂದೆ ಹತ್ತು ವರ್ಷ ತುಂಬುವವರನ್ನು ಹಂತಹಂತವಾಗಿ 1997ರ ಡಿಸೆಂಬರ್ 31ರೊಳಗೆ ಕಾಯಂಗೊಳಿಸಬೇಕು. ಇದಕ್ಕೆ ಪರೀಕ್ಷೆ ಇಡುವಂತಿಲ್ಲ. ದೈಹಿಕ ಸಾಮರ್ಥ್ಯವೇ ಮುಖ್ಯ ಅರ್ಹತೆ. ಹತ್ತು ವರ್ಷ ಮೀರಿದ ಪ್ರತಿ ಐದು ವರ್ಷದ ಸೇವೆಗೆ ಒಂದೊಂದು ಹೆಚ್ಚುವರಿ ವೇತನ ಬಡ್ತಿ.

ಈ ಕೊನೆಯ ಅಂಶ ಸಣ್ಣದೆನಿಸಿದರೂ ಅದರ ತೂಕ ದೊಡ್ಡದು. ಕಾಗದದಲ್ಲಿ ಎಲ್ಲೂ ಲೆಕ್ಕಕ್ಕೆ ಬರದ ವರ್ಷಗಳನ್ನು ನ್ಯಾಯಾಲಯ ಲೆಕ್ಕಕ್ಕೆ ತಂದಿತು. ಇಪ್ಪತ್ತು ವರ್ಷ ರಸ್ತೆಯಲ್ಲಿ ನಿಂತವನೂ ನಿನ್ನೆ ಬಂದವನೂ ಒಂದೇ ಎನ್ನುವ ದಿನಗೂಲಿಯ ತರ್ಕವನ್ನು ಅದು ಒಪ್ಪಲಿಲ್ಲ. ಒಬ್ಬ ಮನುಷ್ಯನ ದುಡಿಮೆಯ ಕಾಲಕ್ಕೆ ಬೆಲೆಯಿದೆ ಎಂಬ ಸರಳ ಸತ್ಯ ಈ ತೀರ್ಪಿನ ತಿರುಳು. ಕಾಯಂ ಆದವರ ಮನೆಗಳಿಗೆ ಅದು ತಂದದ್ದು ಪಿಂಚಣಿ, ರಜೆ, ಮತ್ತು ನಾಳೆಯೂ ಕೆಲಸ ಇರುತ್ತದೆಂಬ ನೆಮ್ಮದಿ.

ಕಾನೂನಿನ ಚೌಕಟ್ಟು

ಕಾಯಂ ಆಗುವ ಹಕ್ಕು ಬೇರೆ, ಅನ್ಯಾಯವಾಗಿ ತೆಗೆದುಹಾಕಿಸಿಕೊಳ್ಳದಿರುವ ಹಕ್ಕು ಬೇರೆ. ಎರಡನೆಯದನ್ನು ಬಹುಕಾಲ ಕಾಪಾಡಿದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ದುರ್ನಡತೆಗೆ ಶಿಕ್ಷೆ, ನಿವೃತ್ತಿಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಬೇರಾವ ಕಾರಣಕ್ಕೆ ಕೆಲಸದಿಂದ ತೆಗೆದರೂ ಅದು ಕೆಲಸಕಡಿತವೇ ಎಂದು ಸುಪ್ರೀಂ ಕೋರ್ಟ್ 1976ರ ಸುಂದರಮಣಿ ಪ್ರಕರಣದಲ್ಲಿ ಹೇಳಿತು. 1990ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ 1984ರಲ್ಲಿ ಬಂದ ತಿದ್ದುಪಡಿಯೊಂದು ಅವಧಿ ಗೊತ್ತುಮಾಡಿದ ಒಪ್ಪಂದ ಮುಗಿದು ಕೆಲಸ ಹೋದರೆ ಅದು ಕೆಲಸಕಡಿತವಲ್ಲ ಎಂದಿತು. ಗುತ್ತಿಗೆಯ ದಾರಿ ಅಗಲವಾದದ್ದು ಅಲ್ಲಿಂದ.

ಕಾಯ್ದೆಯ 25–ಎಫ್ ಕಲಮಿನ ಪ್ರಕಾರ ಒಂದು ವರ್ಷ ಸತತ ಸೇವೆ ಸಲ್ಲಿಸಿದವರನ್ನು ತೆಗೆಯುವ ಮುನ್ನ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಬದಲು ಸಂಬಳ ಕೊಡಬೇಕಿತ್ತು. ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರವನ್ನೂ ಕೊಡಬೇಕಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಒಂದು ವರ್ಷದ ಸತತ ಸೇವೆ. ಸಂಬಳ ಸಹಿತವಾದ ಭಾನುವಾರ ಮತ್ತು ಹಬ್ಬದ ರಜೆಗಳೂ ಈ ಲೆಕ್ಕಕ್ಕೆ ಸೇರುತ್ತವೆ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 25–ಜಿ ಕಲಮಿನಂತೆ ಕೊನೆಗೆ ಸೇರಿದವನು ಮೊದಲು ಹೋಗಬೇಕಿತ್ತು. ಹಳಬನನ್ನು ಕಳಿಸಿ ಹೊಸಬನನ್ನು ಇಟ್ಟುಕೊಳ್ಳುವುದಾದರೆ ಕಾರಣವನ್ನು ಬರೆದಿಡಬೇಕಿತ್ತು. 25–ಎಚ್ ಪ್ರಕಾರ ಮುಂದೆ ಜನ ಬೇಕಾದಾಗ ತೆಗೆದವರಿಗೇ ಮೊದಲ ಅವಕಾಶವಿತ್ತು. ಕಾಯಂ ನೌಕರರ ಸವಲತ್ತು ತಪ್ಪಿಸುವ ಉದ್ದೇಶದಿಂದ ವರ್ಷಗಟ್ಟಲೆ ತಾತ್ಕಾಲಿಕವಾಗಿಯೇ ದುಡಿಸಿಕೊಳ್ಳುವುದನ್ನು ಕಾಯ್ದೆಯ ಐದನೇ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎಂದು ಹೆಸರಿಸಿತು.

ಸರ್ಕಾರಿ ಇಲಾಖೆಗೆ ಈ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದು ಪ್ರತಿಯೊಂದು ಪ್ರಕರಣದಲ್ಲೂ ಎದುರಾದ ತಡೆಗೋಡೆ. 1978ರ ಬೆಂಗಳೂರು ಜಲಮಂಡಳಿ ತೀರ್ಪು ಕೈಗಾರಿಕೆ ಎಂಬುದಕ್ಕೆ ವಿಶಾಲ ಅರ್ಥ ಕೊಟ್ಟಿತು. 1988ರಲ್ಲಿ ಪಂಜಾಬಿನ ಪ್ರಕರಣದಲ್ಲಿ ನೀರಾವರಿ ಇಲಾಖೆಯೂ ಕೈಗಾರಿಕೆಯೇ ಎಂದಾಯಿತು. 1997ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ, ಅಲ್ಲ ಎಂದಾಯಿತು. ಕಾಲುವೆ ಅದೇ, ಹೂಳು ತೆಗೆಯುವ ಕೈಯೂ ಅದೇ. ಆ ಕಾರ್ಮಿಕನಿಗೆ ಕಾನೂನಿನ ರಕ್ಷಣೆ ಉಂಟೋ ಇಲ್ಲವೋ ಎಂಬುದು ತೀರ್ಪಿನಿಂದ ತೀರ್ಪಿಗೆ ಬದಲಾಯಿತು.

240 ದಿನಗಳ ರುಜುವಾತು

ದಿನಗೂಲಿಗಳ ಪ್ರಕರಣಗಳು ಗೆಲ್ಲುವುದೂ ಸೋಲುವುದೂ ಬಹಳ ಸಲ ಒಂದೇ ಪ್ರಶ್ನೆಯ ಮೇಲೆ: 240 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಎಲ್ಲಿದೆ? ಈ ಕುರಿತ ಎರಡು ಮುಖ್ಯ ತೀರ್ಪುಗಳೂ ಕರ್ನಾಟಕದ ಪ್ರಕರಣಗಳಿಂದಲೇ ಬಂದಿವೆ. 2002ರ ಹಡಿಮನಿ ಪ್ರಕರಣದಲ್ಲಿ ಎದುರುಪಕ್ಷ ವಲಯ ಅರಣ್ಯಾಧಿಕಾರಿ. ರುಜುವಾತಿನ ಹೊಣೆ ಕಾರ್ಮಿಕನದೇ, ಅವನ ಪ್ರಮಾಣಪತ್ರವೊಂದೇ ಸಾಲದು, ಸಂಬಳದ ರಸೀದಿಯೋ ನೇಮಕದ ದಾಖಲೆಯೋ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ರಸೀದಿಯನ್ನೂ ಆದೇಶವನ್ನೂ ಎಂದೂ ಕೊಡದ ವ್ಯವಸ್ಥೆಯಲ್ಲಿ ಇದು ಕಾರ್ಮಿಕನ ಕೈ ಕಟ್ಟಿದಂತಾಯಿತು.

2005ರ ನವೆಂಬರ್‌ನಲ್ಲಿ ಬಂದ ಯಲ್ಲಟ್ಟಿ ಪ್ರಕರಣದ ತೀರ್ಪು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಹೊಣೆ ಕಾರ್ಮಿಕನದೇ ಆದರೂ ದಿನಗೂಲಿಗೆ ನೇಮಕಪತ್ರವಾಗಲೀ ರಸೀದಿಯಾಗಲೀ ಇರುವುದಿಲ್ಲ ಎಂಬ ವಾಸ್ತವವನ್ನು ನ್ಯಾಯಾಲಯ ಗುರುತಿಸಿತು. ಕಾರ್ಮಿಕ ಸಾಕ್ಷಿಕಟ್ಟೆಗೆ ಬಂದು ಹೇಳಿಕೆ ಕೊಟ್ಟು, ಹಾಜರಿ ಪಟ್ಟಿ ಮತ್ತು ವೇತನದ ದಾಖಲೆಗಳನ್ನು ಹಾಜರುಪಡಿಸುವಂತೆ ಇಲಾಖೆಯನ್ನು ಕೇಳಬೇಕು. ಮುಂದಿನದು ಆಯಾ ಪ್ರಕರಣದ ಸಂಗತಿಗಳ ಮೇಲೆ ನಿಲ್ಲುತ್ತದೆ ಎಂದಿತು. ಆ ನೌಕರನ ಪರವಾಗಿದ್ದ ಕಾರ್ಮಿಕ ನ್ಯಾಯಾಲಯದ ತೀರ್ಪು ಉಳಿಯಿತು.

ಹಾಜರಿ ಪಟ್ಟಿ ಬರೆಯುವುದು ಇಲಾಖೆ, ಇಟ್ಟುಕೊಳ್ಳುವುದು ಇಲಾಖೆ, ‘ಹಳೆಯದು, ಸಿಗುತ್ತಿಲ್ಲ’ ಎನ್ನಬಲ್ಲದ್ದೂ ಇಲಾಖೆಯೇ. ದುಡಿದವನು ತಾನು ದುಡಿದದ್ದನ್ನು ಎದುರಾಳಿಯ ಕಪಾಟಿನಲ್ಲಿರುವ ಕಾಗದದಿಂದ ರುಜುವಾತು ಮಾಡಬೇಕು. ಅನ್ಯಾಯದ ಕೆಲಸಕಡಿತದ ಬೇರು ಇರುವುದು ಇಲ್ಲಿಯೇ. ಕಾಯ್ದೆಯಲ್ಲಿ ಹಕ್ಕು ಎಷ್ಟೇ ಇದ್ದರೂ ಸೇವೆಯ ದಾಖಲೆ ಸೇವಕನ ಕೈಯಲ್ಲಿ ಇಲ್ಲದಿದ್ದರೆ ಆ ಹಕ್ಕು ಅವನಿಗೆ ದಕ್ಕುವುದಿಲ್ಲ.

ಉಮಾದೇವಿ ತೀರ್ಪು ಮತ್ತು ಅದರ ನಂತರ

2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1980ರ ದಶಕದ ನಡುವಿನಿಂದ ದುಡಿದಿದ್ದ ದಿನಗೂಲಿಗಳ ಪ್ರಕರಣವದು. ಸರ್ಕಾರಿ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶವಿರಬೇಕು. ಸ್ಪರ್ಧೆಯಿಲ್ಲದೆ ಸೇರಿದವರನ್ನು ದೀರ್ಘಕಾಲ ದುಡಿದರೆಂಬ ಕಾರಣಕ್ಕೆ ಕಾಯಂ ಮಾಡಿ ಎಂದು ನ್ಯಾಯಾಲಯಗಳು ಆದೇಶಿಸಬಾರದು ಎಂಬುದು ಅದರ ಸಾರ. ಇದಕ್ಕೆ ವಿರುದ್ಧವಾದ ಹಿಂದಿನ ತೀರ್ಪುಗಳು ಮೇಲ್ಪಂಕ್ತಿಯ ಬಲ ಕಳೆದುಕೊಂಡವು. ಧಾರವಾಡ ತೀರ್ಪಿನ ಹಾದಿಯೂ ಮುಚ್ಚಿಹೋಯಿತು.

ಒಂದು ಕಿಂಡಿ ಮಾತ್ರ ಉಳಿಯಿತು. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ತಡೆಯಾಜ್ಞೆಯ ನೆರವಿಲ್ಲದೆ, ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಯ ಕ್ರಮವಾಗಿ ಕಾಯಂಗೊಳಿಸಲು ಸರ್ಕಾರಗಳು ಆರು ತಿಂಗಳೊಳಗೆ ಮುಂದಾಗಬೇಕೆಂದು ಪೀಠ ಹೇಳಿತ್ತು. ಈ ಮಾತಿಗೆ ಜೀವ ಕೊಟ್ಟದ್ದು ಮತ್ತೆ ಈ ಸೀಮೆಯದೇ ಪ್ರಕರಣ. 1997ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಮತ್ತು ಹಾವೇರಿ ಬೇರೆಯಾದವು. 1980ರ ದಶಕದಿಂದ ದಿನಗೂಲಿಯಲ್ಲಿದ್ದು ಗದಗ ಜಿಲ್ಲಾ ಪಂಚಾಯಿತಿಗೆ ಸೇರಿದ ನೌಕರರು ಹೂಡಿದ ಕೇಸರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಆಗಸ್ಟ್ 3ರಂದು ಹೀಗೆ ಸ್ಪಷ್ಟಪಡಿಸಿತು: ಆರು ತಿಂಗಳು ಕಳೆದ ಮಾತ್ರಕ್ಕೆ ನೌಕರರ ಹಕ್ಕು ಸಾಯುವುದಿಲ್ಲ. 2006ರ ಏಪ್ರಿಲ್ 10ಕ್ಕೆ ಹತ್ತು ವರ್ಷ ತುಂಬಿದ್ದ ಅರ್ಹರೆಲ್ಲರನ್ನೂ ಪರಿಗಣಿಸಿದ ಮೇಲಷ್ಟೇ ಆ ಒಂದು ಬಾರಿಯ ಕ್ರಮ ಮುಗಿದಂತೆ. ಸರ್ಕಾರ ಸುಮ್ಮನೆ ಕುಳಿತ ತಪ್ಪಿಗೆ ನೌಕರ ದಂಡ ತೆರಬೇಕಿಲ್ಲ ಎಂಬುದೇ ಇದರ ಅರ್ಥ.

ರಾಜ್ಯ ಶಾಸನಸಭೆ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ, 2012 ಅನ್ನು ತಂದದ್ದು ಈ ಹಿನ್ನೆಲೆಯಲ್ಲಿ. ಸರ್ಕಾರ ಅಧಿಸೂಚಿಸಿದ ಪಟ್ಟಿಯಲ್ಲಿ ಹೆಸರಿರುವವರು 60 ವರ್ಷದ ತನಕ ಕೆಲಸದಲ್ಲಿ ಮುಂದುವರಿಯಬಹುದು. ವೇತನ ಶ್ರೇಣಿಯ ಕನಿಷ್ಠ ಸಂಬಳ, ಭತ್ಯೆಗಳ ಒಂದು ಪಾಲು, ರಜೆ ಮತ್ತು ಉಪದಾನ (ಗ್ರಾಚ್ಯುಟಿ) ಅವರಿಗೆ ಸಿಗುತ್ತವೆ. ಇದು ಕಾಯಂ ಮಾಡಲಿಲ್ಲ, ಆದರೆ ಏಕಾಏಕಿ ಹೊರಹಾಕುವ ಭಯವನ್ನು ಪಟ್ಟಿಯೊಳಗಿನವರಿಗೆ ತಪ್ಪಿಸಿತು. ಇಲ್ಲೂ ಎಲ್ಲವೂ ಪಟ್ಟಿಯ ಮೇಲೆಯೇ ನಿಂತಿತು. ದಾಖಲೆ ಸಿಗದೆ ಪಟ್ಟಿಗೆ ಸೇರದವನಿಗೆ ಕಾಯ್ದೆಯಿಂದ ಏನೂ ದಕ್ಕದು.

ಇತ್ತೀಚೆಗೆ ಸುಪ್ರೀಂ ಕೋರ್ಟಿನ ಧ್ವನಿ ಮತ್ತೆ ದುಡಿಯುವವರ ಕಡೆ ಬಾಗಿದೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದಶಕಗಟ್ಟಲೆ ಸ್ವಚ್ಛತೆಯಂಥ ಕೆಲಸ ಮಾಡಿ 2018ರಲ್ಲಿ ಹೊರಹಾಕಲ್ಪಟ್ಟವರ ಜಗ್ಗೊ ಪ್ರಕರಣದಲ್ಲಿ 2024ರ ಡಿಸೆಂಬರ್ 20ರಂದು ಅವರನ್ನು ಮರಳಿ ಸೇರಿಸಿ ಕಾಯಂಗೊಳಿಸಲು ಆದೇಶವಾಯಿತು. ಉಮಾದೇವಿ ತೀರ್ಪು ಹಿಂಬಾಗಿಲ ನೇಮಕ ತಡೆಯಲು ಬಂದದ್ದು, ಕಾಯಂ ಸ್ವರೂಪದ ಕೆಲಸ ಮಾಡಿದವರನ್ನು ಶಿಕ್ಷಿಸಲು ಅಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ.

ದೂರಿನ ಹಾದಿ

ಕೆಲಸ ಕಳೆದುಕೊಂಡ ಕಾರ್ಮಿಕ ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗುತ್ತಾನೆ. ರಾಜಿ ಆಗದಿದ್ದರೆ ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯ. 1947ರ ಕಾಯ್ದೆಗೆ 1988ರಲ್ಲಿ ಕರ್ನಾಟಕ ತಂದ ತಿದ್ದುಪಡಿಯಿಂದ ಕೆಲಸದಿಂದ ತೆಗೆದ ಆರು ತಿಂಗಳೊಳಗೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವ ಅವಕಾಶವಾಯಿತು. 2010ರಲ್ಲಿ ಕೇಂದ್ರವೂ ಸಂಧಾನಕ್ಕೆ 45 ದಿನ ಕಾದ ಮೇಲೆ, ಮೂರು ವರ್ಷದೊಳಗೆ, ನೇರ ಅರ್ಜಿಗೆ ಎಡೆಮಾಡಿತು. ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದರೂ ಇಲಾಖೆ ಹೈಕೋರ್ಟಿಗೆ ಹೋಗುವುದು ವಾಡಿಕೆ. 2008ರ ಜುಲೈವರೆಗೆ ಹೈಕೋರ್ಟ್ ಎಂದರೆ 400 ಕಿಲೋಮೀಟರಿಗೂ ದೂರದ ಬೆಂಗಳೂರು. ಆ ತಿಂಗಳು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ 2013ರ ಆಗಸ್ಟ್‌ನಲ್ಲಿ ಕಾಯಂ ಪೀಠವಾದದ್ದು ಕುಂದಗೋಳ, ಕಲಘಟಗಿಯ ಬಡ ಕಕ್ಷಿದಾರರಿಗೆ ದೊಡ್ಡ ಉಪಕಾರ.

ಗೆದ್ದವರಿಗೆ ಸಿಗುವುದೇನು ಎಂಬುದೂ ಬದಲಾಗಿದೆ. ಮೊದಲು ಕಾನೂನುಬಾಹಿರವಾಗಿ ತೆಗೆದರೆ ಮರಳಿ ಕೆಲಸ ಮತ್ತು ಹಿಂಬಾಕಿ ವೇತನ ಸಹಜವಾಗಿ ಸಿಗುತ್ತಿದ್ದವು. ದಿನಗೂಲಿಯ ವಿಷಯದಲ್ಲಿ ಇಡಿಗಂಟಿನ ಪರಿಹಾರ ಸಾಕು ಎಂಬ ನಿಲುವು 2008ರ ಆಚೀಚೆ ಬಲವಾಯಿತು. 2013ರ ಭುರುಮಲ್ ಪ್ರಕರಣದಲ್ಲಿ ಅದು ಸ್ಪಷ್ಟವಾಯಿತು. ಆದರೆ ಕಿರಿಯನನ್ನು ಉಳಿಸಿಕೊಂಡು ಹಿರಿಯನನ್ನು ತೆಗೆದಿದ್ದರೆ ಮರಳಿ ಕೆಲಸ ಕೊಡಿಸಬಹುದು ಎಂದು ಅದೇ ತೀರ್ಪು ಹೇಳುತ್ತದೆ. ಐವತ್ತು ದಾಟಿದವನಿಗೆ ಹೊಸ ಕೆಲಸ ಕೊಡುವವರು ಹಳ್ಳಿಯಲ್ಲಿ ಯಾರು? ಅವನ ಪಾಲಿಗೆ ಇಡಿಗಂಟು ಸಾಲ ತೀರಿಸಲಿಕ್ಕೆ ಸರಿಹೋಗುತ್ತದೆ. ಜೀವನಕ್ಕೆ ಬೇಕಾದದ್ದು ಕೆಲಸವೇ.

ಉಪದಾನ ಇದಕ್ಕಿಂತ ಬೇರೆಯೇ ಹಕ್ಕು. 1972ರ ಕಾಯ್ದೆಯಿಂದ ಬಂದ ನಿಯಮದಂತೆ ಐದು ವರ್ಷ ಸತತವಾಗಿ ದುಡಿದವರಿಗೆ ವರ್ಷಕ್ಕೆ 15 ದಿನದ ವೇತನದ ಲೆಕ್ಕದಲ್ಲಿ ಅದು ಸಲ್ಲಬೇಕು. ಉದಾಹರಣೆಗೆ ದಿನಕ್ಕೆ 400 ರೂಪಾಯಿಯಂತೆ 20 ವರ್ಷ ದುಡಿದವನಿಗೆ ಇದು 1,20,000 ರೂಪಾಯಿ ಆಗುತ್ತದೆ. ಕೆಲಸಕಡಿತದ ಪರಿಹಾರ ಇದಕ್ಕೆ ಹೊರತಾದದ್ದು. ಒಂದನ್ನು ಕೊಟ್ಟು ಎರಡೂ ತೀರಿತು ಎನ್ನುವಂತಿಲ್ಲ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೂ ಉಪದಾನದ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು. ಪಗಾರದ ಬದಲು ಗೌರವಧನ ಎಂಬ ಹೆಸರಿನಲ್ಲಿ ಹಳ್ಳಿಯ ಹೆಂಗಸರನ್ನು ದುಡಿಸಿಕೊಳ್ಳುವ ಪದ್ಧತಿಗೆ ಇದು ತಕ್ಕ ಉತ್ತರ.

ಹೊರಗುತ್ತಿಗೆ ಮತ್ತು ಹೊಸ ಸಂಹಿತೆ

ಎನ್‌ಎಂಆರ್ ಜಾಗಕ್ಕೆ ಈಗ ಹೊರಗುತ್ತಿಗೆ ಬಂದಿದೆ. ಚಾಲಕ, ಕಾವಲುಗಾರ, ಡೇಟಾ ಎಂಟ್ರಿ ಆಪರೇಟರ್, ಸ್ವಚ್ಛತೆಯವರು ಏಜೆನ್ಸಿಯ ಮೂಲಕ ಬರುತ್ತಾರೆ. ಟೆಂಡರ್ ಬದಲಾದರೆ ಏಜೆನ್ಸಿ ಬದಲಾಗುತ್ತದೆ. ಅದೇ ಕಚೇರಿಯಲ್ಲಿ ಹನ್ನೆರಡು ವರ್ಷ ದುಡಿದವನ ಸೇವೆ ಕಾಗದದಲ್ಲಿ ಮತ್ತೆ ಮೊದಲ ದಿನದಿಂದ ಶುರುವಾಗುತ್ತದೆ. ಕೆಲಸ ಹೋದಾಗ ಇಲಾಖೆ ಏಜೆನ್ಸಿಯತ್ತ, ಏಜೆನ್ಸಿ ಇಲಾಖೆಯತ್ತ ಕೈ ತೋರಿಸುತ್ತದೆ.

1947ರ ಕಾಯ್ದೆಯ ಜಾಗದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನೋಟಿಸು, 15 ದಿನದ ಲೆಕ್ಕದ ಪರಿಹಾರ, ಕೊನೆಗೆ ಬಂದವನು ಮೊದಲು ಎಂಬ ನಿಯಮ ಅದರಲ್ಲೂ ಇವೆ. ಕೆಲಸ ಕಳೆದುಕೊಂಡವರ ಮರುಕೌಶಲಕ್ಕೆ 15 ದಿನದ ವೇತನದಷ್ಟು ಹಣ ತೆಗೆದಿಡುವುದು ಹೊಸ ಅಂಶ. ಆದರೆ ಹಲವೆಡೆ ರಕ್ಷಣೆ ಕುಗ್ಗಿದೆ. ಕಾರ್ಖಾನೆಯಂಥ ಕಡೆ ಕೆಲಸಕಡಿತಕ್ಕೆ ಸರ್ಕಾರದ ಪೂರ್ವಾನುಮತಿ ಬೇಕಾಗಲು ಹಿಂದೆ 100 ಕಾರ್ಮಿಕರಿದ್ದರೆ ಸಾಕಿತ್ತು, ಈಗ 300 ಇರಬೇಕು. ತೆಗೆದವರಿಗೆ ಮರುನೇಮಕದಲ್ಲಿ ಮೊದಲ ಅವಕಾಶ ಒಂದು ವರ್ಷಕ್ಕೆ ಸೀಮಿತ. ದೂರಿಗೆ ಇದ್ದ ಮೂರು ವರ್ಷದ ಗಡುವು ಎರಡಕ್ಕೆ ಇಳಿದಿದೆ. ಸರ್ಕಾರದ ಸಾರ್ವಭೌಮ ಕಾರ್ಯಗಳನ್ನು ಕೈಗಾರಿಕೆಯ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಇಲಾಖೆಗಳ ದಿನಗೂಲಿಗಳ ಹಳೆಯ ವಾದವೂ ಮುಂದುವರಿಯಲಿದೆ.

ಮಹತ್ವ

1990ರಿಂದ ಇಲ್ಲಿಯವರೆಗಿನ ತೀರ್ಪುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಪಾಠ ಎದ್ದು ಕಾಣುತ್ತದೆ. ಕಾಯಂ ಮಾಡಬೇಕೇ ಬೇಡವೇ ಎಂಬಲ್ಲಿ ನ್ಯಾಯಾಲಯಗಳ ಅಭಿಪ್ರಾಯ ಹಿಂದೆಮುಂದೆ ಓಲಾಡಿದೆ. ಓಲಾಡದೆ ಉಳಿದದ್ದು ದಾಖಲೆಯ ಬೆಲೆ. ಆದ್ದರಿಂದ ದುಡಿಸಿಕೊಳ್ಳುವವರು ಪ್ರತಿ ದಿನಗೂಲಿಗೂ ಹಾಜರಿಯ ಪ್ರತಿಯನ್ನು ತಿಂಗಳು ತಿಂಗಳು ಕೊಡುವುದು ಕಡ್ಡಾಯವಾಗಬೇಕು. ಕೊಡದಿದ್ದಲ್ಲಿ ಕಾರ್ಮಿಕನ ಮಾತನ್ನೇ ನಂಬಿ, ಅಲ್ಲಗಳೆಯುವ ಹೊಣೆಯನ್ನು ಇಲಾಖೆಯ ಮೇಲೆ ಹಾಕಬೇಕು. ದಾಖಲೆ ಇಡುವ ಅಧಿಕಾರ ಇರುವವನ ಮೇಲೆಯೇ ದಾಖಲೆ ತೋರಿಸುವ ಹೊಣೆಯೂ ಇರುವುದು ನ್ಯಾಯ.

ಅದು ಕಾನೂನಾಗುವ ತನಕ ಕಾರ್ಮಿಕರಿಗೆ ಇರುವ ದಾರಿಗಳು ಕೆಲವು. ಪಗಾರ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಭವಿಷ್ಯ ನಿಧಿಯ ಖಾತೆ, ಗುರುತಿನ ಚೀಟಿ, ಕೆಲಸಕ್ಕೆ ಸಂಬಂಧಿಸಿದ ಯಾವುದೇ ಸಹಿಯಿರುವ ಕಾಗದ ಇವೆಲ್ಲ ಪುರಾವೆಯೇ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹಾಜರಿ ಪಟ್ಟಿ ಮತ್ತು ಪಾವತಿ ವೋಚರ್‌ಗಳ ಪ್ರತಿಗಳನ್ನು ಕೆಲಸದಲ್ಲಿ ಇರುವಾಗಲೇ ಕೇಳಿ ಪಡೆಯಬಹುದು. ಕೆಲಸ ಹೋದ ಮೇಲೆ ಬಾಯಿಮಾತಿನ ಭರವಸೆ ನಂಬಿ ಕಾಯುತ್ತ ಕುಳಿತರೆ ಎರಡು ವರ್ಷದ ಗಡುವು ಮೀರಿಹೋಗುತ್ತದೆ. ಕಾನೂನು ಸೇವಾ ಪ್ರಾಧಿಕಾರ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಮತ್ತು ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ತಾಲ್ಲೂಕು ಕೇಂದ್ರದ ನ್ಯಾಯಾಲಯಗಳಲ್ಲೇ ಅದರ ಸಮಿತಿಗಳಿವೆ.